ಸೊಟ್ಟ ಎಂಬ ಒಂದು ಪದ

ಭದ್ರಾವತಿಯವರಿಗೆ 'ಸೊಟ್ಟ' ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. 1923ರಲ್ಲಿ ಕುಲುಮೆ ಹೊತ್ತಿದ ಊರು. ಬಾಗಿದ ಕಬ್ಬಿಣವೂ ಕಬ್ಬಿಣವೇ ಎಂಬುದು ಅಲ್ಲಿಯವರಿಗೆ ಗೊತ್ತು. ಸಿ.ಎಸ್. ಲೂಯಿಸರ 'ಔಟ್ ಆಫ್ ದ ಸೈಲೆಂಟ್ ಪ್ಲಾನೆಟ್' (1938) ಕಾದಂಬರಿ ನನಗೆ ಹಿಡಿಸಿದ್ದೇ ಈ ಪದದ ದೆಸೆಯಿಂದ. ಅಲ್ಲಿ ಮಂಗಳಗ್ರಹದ ಹ್ರೊಸ್ಸ ಎಂಬ ಜೀವಿಗಳ ನುಡಿಯಲ್ಲಿ 'ಕೆಡುಕು' ಎನ್ನಲು ಬೇರೆ ಮಾತಿಲ್ಲ. 'ಬಾಗಿದ್ದು' ಅನ್ನುತ್ತಾರೆ, ಅಷ್ಟೆ. ಕೇಡಿಗೆ ಸ್ವಂತ ಅಸ್ತಿತ್ವವಿಲ್ಲ, ಅದು ಹಾಳಾದ ಒಳಿತು ಎಂದ ಸಂತ ಅಗಸ್ಟೀನರ ವಿಚಾರ ಉಪದೇಶದ ಸುಳಿವಿಲ್ಲದೆ ನಿಘಂಟಿನೊಳಗೆ ಅಡಗಿ ಕೂತಿದೆ. ಶಿವಮೊಗ್ಗದ ಸೇಕ್ರೆಡ್ ಹಾರ್ಟ್ ಚರ್ಚಿನ ಮುಂದೆ ಬರೀ ಹಾದುಹೋಗುವ ನನ್ನಂಥವರಿಗೂ ದಕ್ಕುವುದು ಅದಕ್ಕೇ.

ಕಾದಂಬರಿಯ ಮುಕುಟ ಒಂದು ಅನುವಾದದ ದೃಶ್ಯ. ಮನುಷ್ಯಕುಲ ಗ್ರಹದಿಂದ ಗ್ರಹಕ್ಕೆ ಹಬ್ಬಬೇಕು, ಅಡ್ಡ ಬಂದವರು ಅಳಿಯಬೇಕು ಎಂದು ವಿಜ್ಞಾನಿ ವೆಸ್ಟನ್ ಗ್ರಹದ ಒಡೆಯ ಒಯಾರ್ಸನ ಎದುರು ಭಾಷಣ ಬಿಗಿಯುತ್ತಾನೆ. ಭಾಷಾಶಾಸ್ತ್ರಜ್ಞ ರ‍್ಯಾನ್ಸಮ್ ಅದನ್ನು ಅಲ್ಲಿಯ ಸರಳ ನುಡಿಗೆ ತರುತ್ತಾನೆ. ದೊಡ್ಡ ಪದಗಳೆಲ್ಲ ಕಳಚಿ, ಉಳಿಯುವುದು ಕಳ್ಳತನ ಮತ್ತು ಕೊಲೆ. ವೆಸ್ಟನ್ ಪಾತ್ರ ತುಸು ಬೆದರುಬೊಂಬೆ, ಒಪ್ಪುತ್ತೇನೆ. ವಿಜ್ಞಾನಿಗಳಿಗೆ ಲೂಯಿಸ್ ನ್ಯಾಯ ಸಲ್ಲಿಸಿಲ್ಲ. ನಮಗಾದರೆ ತೇಜಸ್ವಿಯವರ 'ಕರ್ವಾಲೊ' ಇದೆ: ಅಲ್ಲಿ ವಿಜ್ಞಾನಿ ಹಾರುವ ಓತಿಯನ್ನು ಹುಡುಕುತ್ತ ವಿನಯ ಕಲಿಯುತ್ತಾನೆ. ತೇಜಸ್ವಿ ಹುಟ್ಟಿದ್ದೂ 1938ರಲ್ಲೇ.

ಯಾರಾದರೂ ಲೂಯಿಸರ ಕಾದಂಬರಿಯನ್ನು ಕನ್ನಡಿಸುವುದಾದರೆ ದಯವಿಟ್ಟು 'ವಕ್ರ' ಬೇಡ, ಅದಕ್ಕೆ ಪುಸ್ತಕದ ವಾಸನೆ. 'ಸೊಟ್ಟ' ಎಂದೇ ಇರಲಿ.