ಓಟ ಮುಗಿದ ಮೇಲೆ ಕುದುರೆ

ಕನ್ನಡದಲ್ಲಿ ‘ರೇಸ್’ ಎಂದ ಕೂಡಲೇ ಕಣ್ಮುಂದೆ ಬರುವುದು ಕುದುರೆಯಲ್ಲ, ಮನೆಮಠ ಕಳೆದುಕೊಂಡ ಮನುಷ್ಯ. ನಮ್ಮ ಕತೆ, ಸಿನಿಮಾಗಳಲ್ಲಿ ರೇಸ್‌ಕೋರ್ಸು ಸೋಲುವವರು ಹೋಗುವ ಜಾಗ. ಬೆಂಗಳೂರಿನ ರೇಸ್‌ಕೋರ್ಸು ಅಲ್ಲೇ ಇರಬೇಕೇ, ಕುಣಿಗಲ್ಲಿಗೆ ಹೋಗಬೇಕೇ ಎಂಬ ಚರ್ಚೆಯನ್ನು ಓದುವಾಗಲೂ ನನಗೆ ಇದೇ ಕೊರತೆ ಕಾಣುತ್ತದೆ. ಒಬ್ಬರು ನೆಲದ ಬೆಲೆ ಹೇಳುತ್ತಾರೆ, ಇನ್ನೊಬ್ಬರು ತೆರಿಗೆಯ ಲೆಕ್ಕ, ಮತ್ತೊಬ್ಬರು ಜೂಜಿನ ಕೆಡುಕು. ಕುದುರೆಯ ಮಾತು ಯಾರೂ ಎತ್ತುವುದಿಲ್ಲ.

ರೇಸಿನಲ್ಲಿ ಓಡುವುದು ಥರೋಬ್ರೆಡ್ ತಳಿ. ಇಂಗ್ಲೆಂಡಿಗೆ ತಂದ ಮೂರು ಗಂಡುಕುದುರೆಗಳು, ಅಂದರೆ ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್ ಮತ್ತು ಗೊಡಾಲ್ಫಿನ್ ಅರೇಬಿಯನ್, ಇವತ್ತಿನ ಎಲ್ಲ ಥರೋಬ್ರೆಡ್‌ಗಳ ತಂದೆಯ ಕಡೆಯ ಮೂಲಪುರುಷರು. ಈ ವಂಶಾವಳಿಯ ಪುಸ್ತಕ 1791ರಲ್ಲೇ ಶುರುವಾಯಿತು. ವಿಜಯಪುರದವನಾದ ನನಗೆ ಇದು ತೀರಾ ದೂರದ ಕತೆ ಅನಿಸುವುದಿಲ್ಲ. ಅರಬ್ ಕುದುರೆ ಅದಕ್ಕೂ ಬಹಳ ಮೊದಲೇ ಗೋವೆಯ ಬಂದರಿನಲ್ಲಿಳಿದು, ಘಟ್ಟ ಹತ್ತಿ, ನಮ್ಮ ಕಡೆಗೆ ಬರುತ್ತಿತ್ತು. 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಆದಿಲಶಾಹಿಗಳಿಂದ ಕಸಿದುಕೊಂಡಾಗ ಆ ವ್ಯಾಪಾರದ ಹಿಡಿತವೂ ಅವರ ಕೈಸೇರಿತು. ಕುಣಿಗಲ್ಲಿನ ಕುದುರೆ ಫಾರಂ ಕೂಡ ಟಿಪ್ಪುವಿನ ದಂಡಿಗೆ ಕುದುರೆ ಬೆಳೆಸಿದ ಜಾಗ. ರೇಸಿನ ಕುದುರೆಗಳು ಅಲ್ಲಿಗೆ ಬಂದದ್ದು ಆಮೇಲೆ. ದಂಡು ಹೋದ ಮೇಲೆ ಕುದುರೆಗೆ ಓಟವಾದರೂ ಉಳಿದಿತ್ತು. ಈಗ ಓಟವೂ ಹೋದರೆ?

ಆ ಭಯ ಸುಳ್ಳಲ್ಲ. ಸಿಂಗಪುರದಲ್ಲಿ 180 ವರ್ಷಕ್ಕೂ ಮೀರಿದ ರೇಸು 2024ರ ಅಕ್ಟೋಬರಿನಲ್ಲಿ ಕೊನೆಯಾಯಿತು. ಅದೇ ವರ್ಷ ಮಕಾವ್ ಕೂಡ ನಿಲ್ಲಿಸಿತು. ಚೆನ್ನೈನ ಗಿಂಡಿಯಲ್ಲಿ ರೇಸ್ ಕ್ಲಬ್ಬಿನ ನೆಲವನ್ನು ತಮಿಳುನಾಡು ಸರಕಾರ ಮರಳಿ ವಶಕ್ಕೆ ಪಡೆಯಿತು. ಇತ್ತ, ಕುದುರೆ ಓಟ ಕೌಶಲದ ಆಟವೆಂದು ಸುಪ್ರೀಂ ಕೋರ್ಟು 1996ರಲ್ಲೇ ಹೇಳಿದ್ದರೂ ಜಿಎಸ್‌ಟಿ ಅದನ್ನು ಕ್ಯಾಸಿನೋ ಪಕ್ಕದಲ್ಲೇ ಕೂರಿಸಿದೆ. 2023ರ ಅಕ್ಟೋಬರಿನಿಂದ ಬಾಜಿಯ ಪೂರ್ತಿ ಮೊತ್ತದ ಮೇಲೆ ಶೇ. 28 ಇದ್ದ ತೆರಿಗೆ, 2025ರ ಸೆಪ್ಟೆಂಬರಿನಲ್ಲಿ ಶೇ. 40 ಆಯಿತು. ತೆರಿಗೆ ಹೆಚ್ಚಾದಷ್ಟೂ ಜನ ಕಳ್ಳ ಬುಕ್ಕಿಗಳ ಕಡೆ ಹೋಗುತ್ತಾರೆ ಎಂಬುದು ಕ್ಲಬ್ಬುಗಳ ದೂರು. ದೂರಿನಲ್ಲಿ ಹುರುಳಿದೆ. ಆದರೆ ಬಾಜಿ ದುಬಾರಿಯಾದ ಕೂಡಲೇ ಎದ್ದುಹೋಗುವವರು ಕುದುರೆ ನೋಡಲು ಬಂದವರಲ್ಲ ಎಂಬುದನ್ನೂ ಅದೇ ದೂರು ಒಪ್ಪಿಕೊಳ್ಳುತ್ತದೆ. ಇಷ್ಟು ವರ್ಷಗಳಲ್ಲಿ ಈ ಆಟ ಗಿರಾಕಿಗಳನ್ನು ಬೆಳೆಸಿತು, ರಸಿಕರನ್ನು ಬೆಳೆಸಲಿಲ್ಲ.

ರಸಿಕರೆಂದರೆ ಯಾರು ಎಂದು ಕೇಳಿದರೆ ನಾನು ತಿಕೋಟಾ, ಬಬಲೇಶ್ವರ ಕಡೆಯ ಜಾತ್ರೆಯ ಶರ್ಯತ್ತುಗಳನ್ನು ತೋರಿಸುತ್ತೇನೆ. ಅಲ್ಲಿ ಎತ್ತು ಯಾರ ಮನೆಯದು, ಯಾವ ಸಂತೆಯಲ್ಲಿ ಕೊಂಡದ್ದು, ಏನು ತಿನ್ನುತ್ತದೆ, ಹೋದ ವರ್ಷ ಯಾಕೆ ಸೋತಿತು ಎಂದು ಹೇಳಬಲ್ಲವರು ದಿಬ್ಬದ ತುಂಬ ನಿಂತಿರುತ್ತಾರೆ. ಹಾಗೆಂದು ಶರ್ಯತ್ತನ್ನು ಹೊಗಳಿ ಅಟ್ಟಕ್ಕೇರಿಸುವ ಇರಾದೆ ನನಗಿಲ್ಲ. ಅಲ್ಲೂ ಬಾರುಕೋಲಿದೆ, ಅಲ್ಲೂ ಬಾಜಿಯಿದೆ. ಆದರೂ ಕಂಬಳ ಮತ್ತು ಎತ್ತಿನ ಗಾಡಿ ಓಟಕ್ಕಾಗಿ ರಾಜ್ಯ ಸರಕಾರ ಕಾನೂನನ್ನೇ ತಿದ್ದಿತು, 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ‘ಇದು ನಮ್ಮದು’ ಎಂದು ಹೇಳುವ ಜನ ಅದಕ್ಕಿದ್ದರು. ರೇಸ್‌ಕೋರ್ಸಿನ ಪರವಾಗಿ ಹಾಗೆ ಹೇಳಲು ಯಾವ ಊರು ಬರುತ್ತದೆ?

ರೇಸು ನಿಂತರೆ ಪೀಡೆ ತೊಲಗಿತು ಎನ್ನುವವರ ಜೊತೆಗೂ ನನ್ನ ತಕರಾರಿದೆ. ಕುದುರೆಯ ಆಯಸ್ಸು ಸುಮಾರು 25 ವರ್ಷ. ಥರೋಬ್ರೆಡ್‌ನ ಓಟ ಎರಡು ಮೂರರ ಪ್ರಾಯದಲ್ಲಿ ಶುರುವಾಗಿ, ಹೆಚ್ಚೆಂದರೆ ಏಳೆಂಟಕ್ಕೆ ಮುಗಿಯುತ್ತದೆ. ಉಳಿದ ಬದುಕಿಗೆ ಯಾರೂ ಬಾಜಿ ಕಟ್ಟುವುದಿಲ್ಲ. 2025ರಲ್ಲಿ ಹೈದರಾಬಾದಿನಿಂದ ಜಬಲ್ಪುರಕ್ಕೆ ಸಾಗಿಸಿದ 57 ಕುದುರೆಗಳಲ್ಲಿ ಹಲವು ಸತ್ತುಹೋದವು. ಓಟದ ವ್ಯವಹಾರ ಕುಸಿದಾಗ ಮೊದಲು ಅನಾಥವಾಗುವುದು ಯಾರು ಎಂದು ತಿಳಿಯಲು ಅಷ್ಟು ಸಾಕು. ಮನುಷ್ಯ ತನ್ನ ಚಟಕ್ಕಾಗಿ ಮುನ್ನೂರು ವರ್ಷ ತಿದ್ದಿ ತೀಡಿದ ಪ್ರಾಣಿಯಿದು. ಮೈಯೆಲ್ಲ ವೇಗ, ಕಾಲು ಕಡ್ಡಿ. ನಮ್ಮ ಗೋಳಗುಮ್ಮಟದ ಮುಂದಿನ ಟಾಂಗಾ ಕುದುರೆಯ ಹಾಗೆ ಬಿಸಿಲಲ್ಲಿ ನಿಂತು ಬಾಡಿಗೆಗೆ ಕಾಯುವುದು ಅದರಿಂದಾಗದು.

ಆದ್ದರಿಂದ ರೇಸು ಉಳಿಯಬೇಕೆನ್ನುವವರು ತೆರಿಗೆ ಇಳಿಸಿರೆಂದು ಕೇಳುವ ಮೊದಲು ಒಂದು ಲೆಕ್ಕ ಕೊಡಲಿ. ಅಪ್ಪ, ಅವ್ವ, ಅಜ್ಜಂದಿರ ಹೆಸರು ಸಮೇತ ಹುಟ್ಟನ್ನು ಬರೆದಿಡುವವರು, ಓಟ ಬಿಟ್ಟ ಕುದುರೆ ಯಾರ ಲಾಯದಲ್ಲಿದೆ, ಅದರ ಮೇವಿನ ಖರ್ಚು ಯಾರದು ಎಂಬುದನ್ನೂ ವರ್ಷ ವರ್ಷ ಎಲ್ಲರಿಗೂ ಕಾಣುವಂತೆ ಬರೆಯಲಿ. ಪ್ರತಿ ಬಾಜಿಯಿಂದ ಒಂದಿಷ್ಟು ಪಾಲು ಅದಕ್ಕೆಂದೇ ಎತ್ತಿಡಲಿ. ರೇಸು ನಿಲ್ಲಬೇಕೆನ್ನುವ ಸರಕಾರಗಳೂ ನೆಲದ ಅಳತೆಗೆ ಮುನ್ನ ಲಾಯದಲ್ಲಿರುವ ತಲೆಗಳನ್ನು ಎಣಿಸಲಿ. ಇಷ್ಟೂ ಆಗದಿದ್ದರೆ, ಕುಣಿಗಲ್ಲಿನಲ್ಲಿ ಹೊಸ ಟ್ರ್ಯಾಕು ಹಾಕಿದರೂ ಬೆಂಗಳೂರಿನ ನಡುವೆ ಹೊಸ ಉದ್ಯಾನ ಎದ್ದರೂ, ಕುದುರೆಯ ಪಾಲಿಗೆ ಎರಡೂ ಒಂದೇ.