ಪಕ್ಕದ ಕುರ್ಚಿಯಲ್ಲಿ ಯಾರಿದ್ದಾರೆ?

ಸಿನೆಮಾ ಥಿಯೇಟರಿನಲ್ಲಿ ನೋಡೋದು ಒಳ್ಳೆಯದೋ ಮನೆಯಲ್ಲೋ ಅನ್ನುವ ವಾದ ಈಗ ಸ್ಟಾಫ್ ರೂಮಿನಲ್ಲೂ ಇದೆ, ದಾವತ್ತಿನ ದಸ್ತರ್‌ಖಾನಿನ ಸುತ್ತಲೂ ಇದೆ. ಎರಡೂ ಕಡೆಯವರು ಹೇಳುವ ಮಾತು ಹೆಚ್ಚುಕಮ್ಮಿ ಗೊತ್ತಿದ್ದದ್ದೇ. ಒಬ್ಬರು ದೊಡ್ಡ ಪರದೆ, ಎದೆಗೆ ಬಡಿಯುವ ಸೌಂಡು ಅನ್ನುತ್ತಾರೆ. ಇನ್ನೊಬ್ಬರು ಟಿಕೆಟ್ಟಿನ ರೇಟು, ಪಾಪ್‌ಕಾರ್ನಿನ ರೇಟು, ಹೋಗಿಬರುವ ಖರ್ಚು ಅನ್ನುತ್ತಾರೆ. ಲೆಕ್ಕ ಇಷ್ಟೇ ಆಗಿದ್ದರೆ ವಾದ ಮುಗಿದ ಹಾಗೆಯೇ. ನಾಲ್ಕು ಜನರ ಕುಟುಂಬ ಒಂದು ಭಾನುವಾರ ಮುಂಬೈಯ ಮಲ್ಟಿಪ್ಲೆಕ್ಸಿಗೆ ಹೋಗಿಬರುವ ದುಡ್ಡಿನಲ್ಲಿ ಮನೆಯಲ್ಲಿ ತಿಂಗಳುಗಟ್ಟಲೆ ಸಿನೆಮಾ ನೋಡಬಹುದು. ಈ ಲೆಕ್ಕದಲ್ಲಿ ಮನೆ ಗೆದ್ದಿದೆ, ಒಪ್ಪಿಕೊಳ್ಳೋಣ.

ಆದರೆ ನಮ್ಮಂಥವರು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಪರದೆ ಎಷ್ಟು ದೊಡ್ಡದು ಅನ್ನೋದಕ್ಕಿಂತ, ಅದನ್ನು ನೋಡುವಾಗ ನಮ್ಮ ಪಕ್ಕದಲ್ಲಿ ಯಾರು ಕೂತಿದ್ದಾರೆ ಅನ್ನೋದು. ಮುಸಲ್ಮಾನರ ಬದುಕನ್ನು ತೋರಿಸುವ, ಅಥವಾ ತೋರಿಸುತ್ತೇನೆ ಎಂದುಕೊಳ್ಳುವ ಸಿನೆಮಾಗಳ ವಿಷಯದಲ್ಲಿ ಈ ಪ್ರಶ್ನೆ ಇನ್ನೂ ಮುಖ್ಯ.

ಪ್ರಶ್ನೆ ಹೊಸದೇನಲ್ಲ. 1896ರ ಜುಲೈ 7ರಂದು ಮುಂಬೈಯ ವಾಟ್ಸನ್ ಹೋಟೆಲಿನಲ್ಲಿ ಲೂಮಿಯೇರ್ ಸಹೋದರರ ಚಿತ್ರಗಳ ಮೊದಲ ಪ್ರದರ್ಶನ ನಡೆಯಿತು. ಕೆಲವೇ ದಿನಗಳಲ್ಲಿ ಅದು ನಾವೆಲ್ಟಿ ಥಿಯೇಟರಿಗೆ ಹೋಯಿತು. ಅಲ್ಲಿ ಪರ್ದಾ ಪಾಲಿಸುವ ಹೆಂಗಸರಿಗೂ ಅವರ ಮನೆಯವರಿಗೂ ಬೇರೆ ಬಾಕ್ಸುಗಳನ್ನು ಕಾದಿರಿಸಿದ್ದೇವೆ ಎಂದು ಜಾಹೀರಾತು ಕೊಟ್ಟರು. ಅಂದರೆ ಈ ದೇಶಕ್ಕೆ ಸಿನೆಮಾ ಬಂದ ತಿಂಗಳಲ್ಲೇ ಯಾರು ಎಲ್ಲಿ ಕೂರಬೇಕು ಎಂಬ ಮಾತು ಶುರುವಾಗಿತ್ತು. ಉರ್ದುವಿನಲ್ಲಿ ಸಿನೆಮಾದ ಪರದೆಗೂ ಹೆಂಗಸರ ಪರ್ದಾಕ್ಕೂ ಒಂದೇ ಪದ. ಕನ್ನಡದ ‘ಪರದೆ’ ಬಂದದ್ದೂ ಅಲ್ಲಿಂದಲೇ. ತೋರಿಸುವುದಕ್ಕೂ ಅದೇ, ಮರೆಮಾಡುವುದಕ್ಕೂ ಅದೇ.

ಕನ್ನಡದಲ್ಲಿ ಈ ವಿಷಯವನ್ನೇ ಎದುರಿಗಿಟ್ಟುಕೊಂಡು ಮಾಡಿದ ಒಂದು ಸಿನೆಮಾ ಇದೆ: ಗಿರೀಶ್ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’, 2008ರದ್ದು. ಇದಕ್ಕೆ ಆಧಾರ ವೈದೇಹಿಯವರ ಕಥೆ. ಕಥೆಯಲ್ಲಿ ಸಣ್ಣ ಊರಿಗೆ ಟಾಕೀಸು ಬರುತ್ತದೆ, ಸೂಲಗಿತ್ತಿ ಲಿಲ್ಲಿಬಾಯಿ ಅದರ ಹೆಂಗಸರ ಬಾಗಿಲಿಗೆ ಗೇಟ್‌ಕೀಪರ್ ಆಗುತ್ತಾಳೆ. ಕಾಸರವಳ್ಳಿ ಕಾಲವನ್ನು ತೊಂಬತ್ತರ ದಶಕದ ಕೊನೆಗೆ ತಂದರು, ಸೂಲಗಿತ್ತಿಯನ್ನು ಮುಸ್ಲಿಂ ಹೆಂಗಸು ಮಾಡಿದರು, ಟಾಕೀಸಿನ ಜಾಗದಲ್ಲಿ ಟಿವಿ ಇಟ್ಟರು. ಈ ಮೂರು ಬದಲಾವಣೆ ಸೇರಿ ಒಂದು ಬೇರೆಯೇ ಕೃತಿ ಹುಟ್ಟಿತು.

ಕುಂದಾಪುರದ ಕಡೆಯ ಮೀನುಗಾರರ ದ್ವೀಪ. ಗುಲಾಬಿಗೆ ಸಿನೆಮಾ ಎಂದರೆ ಪ್ರಾಣ. ಗಂಡ ಮೂಸಾ ಅವಳನ್ನು ಬಿಟ್ಟು ಎರಡನೆಯ ಹೆಂಡತಿಯ ಜೊತೆ ಇದ್ದಾನೆ. ಒಂಟಿ ಹೆಂಗಸಿಗೆ ಥಿಯೇಟರೇ ಸಂಗಾತಿ. ಒಂದು ಕಷ್ಟದ ಹೆರಿಗೆಗಾಗಿ ಅವಳನ್ನು ಸಿನೆಮಾದ ನಡುವೆಯೇ ಎಬ್ಬಿಸಿಕೊಂಡು ಹೋಗುತ್ತಾರೆ. ಆ ಋಣಕ್ಕೆ ಅವಳ ಮನೆಗೆ ಬಣ್ಣದ ಟಿವಿ, ಡಿಶ್ ಆಂಟೆನಾ ಬರುತ್ತದೆ. ಗಂಡಸರು ಮೀನಿಗೆ ಹೋದ ಮೇಲೆ ಊರಿನ ಹೆಂಗಸರು ಒಬ್ಬೊಬ್ಬರಾಗಿ ಅವಳ ಮನೆಗೆ ಬರುತ್ತಾರೆ. ಕೆಲವರು ಒಳಗೆ ಬಂದು ಕೂರುತ್ತಾರೆ. ಮುಸಲ್ಮಾನರ ಮನೆ ಅಂತ ಕೆಲವರು ಬರುವುದೇ ಇಲ್ಲ. ಇನ್ನು ಕೆಲವರು ಹೊಸ್ತಿಲು ದಾಟದೆ ಹೊರಗೆ ನಿಂತೇ ನೋಡುತ್ತಾರೆ.

ಈ ಮೂರು ಬಗೆಯ ನೋಡುಗರಲ್ಲೇ ಇಡೀ ಸಿನೆಮಾ ಇದೆ ಅನ್ನುವುದು ನನ್ನ ಓದು. ಗುಲಾಬಿಯ ಮನೆ ಮನೆಯೂ ಹೌದು, ಥಿಯೇಟರೂ ಹೌದು. ಟಿವಿಯಲ್ಲಿ ಏನು ಬರುತ್ತಿದೆ ಎಂಬುದು ಅಷ್ಟು ಮುಖ್ಯವಲ್ಲ. ಯಾರು ಯಾರ ಚಾಪೆಯ ಮೇಲೆ ಕೂತರು, ಅತ್ತೆಯ ಕಾಟದಲ್ಲಿದ್ದ ನೇತ್ರುವಿನಂಥ ಹುಡುಗಿ ಅಲ್ಲಿಗೆ ಬಂದು ಯಾರ ಹತ್ತಿರ ಮನಸ್ಸು ಬಿಚ್ಚಿದಳು, ಅದು ಮುಖ್ಯ. ಟಿವಿ ಒಂದು ನೆಪ. ಬೇರೆ ಯಾವ ಕಾರಣಕ್ಕೂ ಒಂದು ಸೂರಿನಡಿ ಸೇರದವರು ಆ ನೆಪದಲ್ಲಿ ಸೇರಿದರು.

ಆಮೇಲೆ ಕಾರ್ಗಿಲ್ ಯುದ್ಧದ ದಿನಗಳು. ದೊಡ್ಡ ಬೋಟುಗಳ ಮುಸ್ಲಿಂ ಮಾಲೀಕನ ಮೇಲಿನ ಸಿಟ್ಟಿಗೆ ಧರ್ಮದ ಬಣ್ಣ ಬರುತ್ತದೆ. ನೇತ್ರು ಕಾಣೆಯಾಗುತ್ತಾಳೆ, ತಪ್ಪು ಗುಲಾಬಿಯ ತಲೆಗೆ. ಕೊನೆಗೆ ಅವಳನ್ನು ದೋಣಿ ಹತ್ತಿಸಿ ಊರು ಬಿಡಿಸುತ್ತಾರೆ. ಟಿವಿ ಮಾತ್ರ ಅಲ್ಲೇ ಉಳಿಯುತ್ತದೆ. ಇಷ್ಟು ದಿನ ಆ ಮನೆಗೆ ಕಾಲಿಡದವರೂ ಆಗ ಒಳಗೆ ಬರುತ್ತಾರೆ. ಯಾಕೆಂದರೆ ಈಗ ಅಲ್ಲಿ ಗುಲಾಬಿ ಇಲ್ಲ. ಪರದೆ ಬೇಕು, ಪರದೆಯ ಪಕ್ಕ ಕೂರುತ್ತಿದ್ದವಳು ಬೇಡ. ಉಮಾಶ್ರೀಯವರಿಗೆ ಈ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಅದು ನ್ಯಾಯವೇ. ಆದರೆ ನನ್ನನ್ನು ಹೆಚ್ಚು ಕಾಡುವುದು ಅವಳಿಲ್ಲದ ಆ ಮನೆ.

ಇದಕ್ಕೆ ಎದುರಾಗಿ ಇನ್ನೊಂದು ಸಿನೆಮಾ ನೆನಪಿಸಿಕೊಳ್ಳೋಣ. ಮೈಸೂರಿನಲ್ಲಿ ಹುಟ್ಟಿದ ಎಂ.ಎಸ್. ಸತ್ಯು ಅವರ ‘ಗರಂ ಹವಾ’. ಇಸ್ಮತ್ ಚುಗ್ತಾಯಿ ಅವರ ಕಥೆ. ಅದನ್ನು ಚಿತ್ರಕಥೆ ಮಾಡಿದವರು ಕೈಫಿ ಆಜ್ಮಿ ಮತ್ತು ಶಮಾ ಜೈದಿ. ದೇಶ ಒಡೆದ ಮೇಲೆ ಆಗ್ರಾದ ಜೋಡು ತಯಾರಕ ಸಲೀಂ ಮಿರ್ಜಾನ ಮನೆಯವರು ಒಬ್ಬೊಬ್ಬರಾಗಿ ಪಾಕಿಸ್ತಾನಕ್ಕೆ ಹೊರಡುತ್ತಾರೆ. ಇವನು ಹೋಗಲಾರ, ಇರಲೂ ಬಿಡುವುದಿಲ್ಲ. ಸಾಲ ಹುಟ್ಟುವುದಿಲ್ಲ, ಬಾಡಿಗೆಗೆ ಮನೆ ಸಿಗುವುದಿಲ್ಲ. ಈ ಪಾತ್ರ ಮಾಡಿದ ಬಲರಾಜ್ ಸಾಹನಿ 1973ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಸಿನೆಮಾ ತೆರೆ ಕಂಡದ್ದನ್ನು ಅವರು ನೋಡಲಿಲ್ಲ.

ಸಿನೆಮಾ ತೆರೆಗೆ ಬರುವುದೇ ಕಷ್ಟವಾಗಿತ್ತು. ಕೋಮು ಗಲಭೆ ಆದೀತು ಎಂಬ ಹೆದರಿಕೆಯಿಂದ ಸೆನ್ಸಾರ್ ಅದನ್ನು ತಿಂಗಳುಗಟ್ಟಲೆ ತಡೆಹಿಡಿದಿತ್ತು. ಕೊನೆಗೆ ಬಿಡುಗಡೆಯಾದಾಗ ಮೊದಲು ಜನರ ಮುಂದೆ ಬಂದದ್ದು ಬೆಂಗಳೂರಿನ ಚಿತ್ರಮಂದಿರಗಳಲ್ಲಿ. ಜನ ಬಂದರು, ನೋಡಿದರು, ಮನೆಗೆ ಹೋದರು. ಆಮೇಲೆ ದೇಶದ ಬೇರೆ ಕಡೆಗೆ ದಾರಿ ತೆರೆಯಿತು.

ಇಲ್ಲಿ ಥಿಯೇಟರ್ ಮಾಡಿದ ಕೆಲಸವನ್ನು ಗಮನಿಸಿ. ‘ಜನ ಸಹಿಸುವುದಿಲ್ಲ’ ಅನ್ನುವುದು ಯಾವಾಗಲೂ ಜನರ ಹೆಸರಿನಲ್ಲಿ ಬೇರೆಯವರು ಆಡುವ ಮಾತು. ಅದು ಸುಳ್ಳು ಎಂದು ತೋರಿಸಬೇಕಾದರೆ ಜನರೇ ಒಂದು ಕಡೆ ಸೇರಿ, ಒಟ್ಟಿಗೆ ನೋಡಿ, ಏನೂ ಆಗದೆ ಎದ್ದು ಹೋಗಬೇಕು. ಒಂದು ಲಕ್ಷ ಮಂದಿ ತಂತಮ್ಮ ಮನೆಗಳಲ್ಲಿ ಒಬ್ಬೊಬ್ಬರೇ ನೋಡಿ ಕಣ್ಣೀರು ಹಾಕಿದರೂ ಅದು ಲೆಕ್ಕಕ್ಕೆ ಬರುವುದಿಲ್ಲ, ಪಕ್ಕದ ಮನೆಯವನಿಗೂ ಗೊತ್ತಾಗುವುದಿಲ್ಲ. ತುಂಬಿದ ಹಾಲ್ ಒಂದು ಸಾಕ್ಷಿ. ಉರ್ದುವಿನಲ್ಲಿ ಹೇಳುವುದಾದರೆ, ಗವಾಹಿ.

ಆ ಸಿನೆಮಾದ ಕೊನೆಯೂ ಇದನ್ನೇ ಹೇಳುತ್ತದೆ. ಸೋತ ಮಿರ್ಜಾ ಕಡೆಗೂ ಟಾಂಗಾ ಹತ್ತಿ ಸ್ಟೇಷನ್ನಿಗೆ ಹೊರಡುತ್ತಾನೆ. ದಾರಿಯಲ್ಲಿ ಕೆಲಸ ಕೇಳುವವರ ಮೆರವಣಿಗೆ. ಮಗ ಸಿಕಂದರ್ ಇಳಿದು ಸೇರಿಕೊಳ್ಳುತ್ತಾನೆ. ಸ್ವಲ್ಪ ಹೊತ್ತಿಗೆ ಮಿರ್ಜಾನೂ ಇಳಿಯುತ್ತಾನೆ. ಒಬ್ಬಂಟಿ ಮನುಷ್ಯ ಗುಂಪಿಗೆ ಸೇರಿಹೋಗುವ ಈ ದೃಶ್ಯವನ್ನು ಇಯರ್‌ಫೋನ್ ಹಾಕಿಕೊಂಡು ಮೊಬೈಲಿನಲ್ಲಿ ನೋಡಬಹುದು, ಅರ್ಥವೂ ಆಗುತ್ತದೆ. ಆದರೆ ಗುರುತಿಲ್ಲದ ನಾಲ್ಕು ನೂರು ಮಂದಿಯ ನಡುವೆ ಕೂತು ನೋಡಿದವನಿಗೆ ಅದು ಅರ್ಥವಾಗುವುದಷ್ಟೇ ಅಲ್ಲ, ಅವನೂ ಆಗಲೇ ಆ ಗುಂಪಿನಲ್ಲಿ ಇರುತ್ತಾನೆ. 2014ರಲ್ಲಿ ಚಿತ್ರವನ್ನು ದುರಸ್ತಿ ಮಾಡಿ ಮತ್ತೆ ಥಿಯೇಟರುಗಳಿಗೆ ತಂದರು. ಅದೇ ಸರಿಯಾದ ಜಾಗ.

ಗಂಭೀರ ಸಿನೆಮಾ ಬಿಡಿ, ನಗೆಯ ಸಿನೆಮಾಕ್ಕೂ ಇದೇ ಮಾತು. 2020ರ ಜುಲೈನಲ್ಲಿ, ಲಾಕ್‌ಡೌನ್ ಕಾಲದಲ್ಲಿ, ಪನ್ನಗ ಭರಣ ಅವರ ‘ಫ್ರೆಂಚ್ ಬಿರಿಯಾನಿ’ ಥಿಯೇಟರಿಗೆ ಬಾರದೆ ನೇರ ಅಮೆಜಾನ್ ಪ್ರೈಮ್‌ಗೆ ಬಂತು. ದಾನಿಶ್ ಸೇಠ್ ಅದರಲ್ಲಿ ಅಸ್ಗರ್ ಎಂಬ ಬೆಂಗಳೂರಿನ ಆಟೋ ಡ್ರೈವರ್. ಅವನ ಮಾತಿನ ಧಾಟಿ ದಖನಿ ಬೆರೆತ ಕನ್ನಡ. ನಮ್ಮ ಮನೆಗಳಲ್ಲಿ ಆಡುವ ಕನ್ನಡ. ಕನ್ನಡ ಸಿನೆಮಾದಲ್ಲಿ ಇಂಥ ಮಾತು ಬರುತ್ತಿದ್ದದ್ದು ಹೆಚ್ಚಾಗಿ ಎರಡು ನಿಮಿಷದ ಹಾಸ್ಯಕ್ಕೆ. ಇಲ್ಲಿ ಅದು ಕಥಾನಾಯಕನ ಮಾತು. ಎಷ್ಟೋ ಮನೆಗಳಲ್ಲಿ ನಕ್ಕರು. ಆದರೆ ಅಸ್ಗರನ ಜೊತೆ ನಕ್ಕರೋ, ಅವನನ್ನು ನೋಡಿ ನಕ್ಕರೋ? ಈ ಎರಡು ನಗೆಗಳ ವ್ಯತ್ಯಾಸ ಕಿವಿಗೆ ತಿಳಿಯುತ್ತದೆ. ತುಂಬಿದ ಹಾಲಿನಲ್ಲಿ ಯಾವ ಮಾತಿಗೆ ನಗು ಎದ್ದಿತು, ಯಾವುದಕ್ಕೆ ಸುಮ್ಮನಾದರು ಎಂದು ಕೇಳಿಸಿಕೊಂಡರೆ, ನಮ್ಮ ನೆರೆಯವರು ನಮ್ಮನ್ನು ಹೇಗೆ ಕಾಣುತ್ತಾರೆ ಎಂಬುದು ಯಾವ ಭಾಷಣಕ್ಕಿಂತ ಚೆನ್ನಾಗಿ ಗೊತ್ತಾಗುತ್ತದೆ. ಆ ಅವಕಾಶ ಆ ಸಿನೆಮಾಕ್ಕೆ ಸಿಗಲಿಲ್ಲ. ನಮಗೂ ಸಿಗಲಿಲ್ಲ.

ಈಗ ಎದುರು ವಾದಗಳು. ಅವು ಹಗುರವಾದವಲ್ಲ.

ಮೊದಲನೆಯದು ಹೆಣ್ಣುಮಕ್ಕಳದು. ನಮ್ಮ ಮೊಹಲ್ಲಾಗಳ ಎಷ್ಟೋ ಅಮ್ಮಿಯರು, ಖಾಲಾಗಳು ಥಿಯೇಟರಿನ ಮೆಟ್ಟಿಲು ಹತ್ತಿದವರಲ್ಲ. ಅವರಿಗೆ ಸಿನೆಮಾ ಕೊಟ್ಟದ್ದು ಟಿವಿ, ಈಗ ಮೊಬೈಲು. ಆ ಉಪಕಾರವನ್ನು ಮರೆಯಬಾರದು. ಸಿನೆಮಾವೇ ಬೇಡ ಅನ್ನುವವರ ನಂಬಿಕೆಯನ್ನು ನಾನು ಗೌರವಿಸುತ್ತೇನೆ. ಅವರು ಥಿಯೇಟರನ್ನೂ ಬಿಟ್ಟಿದ್ದಾರೆ, ಮೊಬೈಲಿನ ಸಿನೆಮಾವನ್ನೂ ಬಿಟ್ಟಿದ್ದಾರೆ. ನನ್ನ ಪ್ರಶ್ನೆ ಬೇರೆಯವರಿಗೆ. ಮಗಳಿಗೆ ಥಿಯೇಟರ್ ಬೇಡ ಅಂದ ಮನೆಯಲ್ಲೇ ಅದೇ ಸಿನೆಮಾ ರಾತ್ರಿ ಹನ್ನೊಂದಕ್ಕೆ ಮೊಬೈಲಿನಲ್ಲಿ ಓಡುತ್ತದಲ್ಲ, ಹಾಗಾದರೆ ಅಡ್ಡಿ ಇದ್ದದ್ದು ಸಿನೆಮಾಕ್ಕೋ, ಅವಳು ಹೊರಗೆ ಹೋಗುವುದಕ್ಕೋ? ಮನೆಯ ಪರದೆ ಅವಳಿಗೆ ಸಿನೆಮಾ ಕೊಟ್ಟಿತು, ಸರಿ. ಹೊರಗೆ ಹೋಗುವ ಹಕ್ಕಿನ ಮಾತನ್ನು ಮಾತ್ರ ಇನ್ನೂ ಮುಂದಕ್ಕೆ ಹಾಕಿತು.

ಎರಡನೆಯದು ಭಾಷೆ. ಹೊರನಾಡ ಕನ್ನಡಿಗರಿಗೆ ಥಿಯೇಟರ್ ಯಾವತ್ತೂ ಪೂರ್ತಿ ನಮ್ಮದಾಗಿರಲಿಲ್ಲ. ‘ಕಾಂತಾರ’ 2022ರ ಸೆಪ್ಟೆಂಬರ್ 30ಕ್ಕೆ ಕನ್ನಡದಲ್ಲಿ ಬಂತು, ಅಕ್ಟೋಬರ್ 14ಕ್ಕೆ ಹಿಂದಿಯಲ್ಲಿ. ಮುಂಬೈ, ಪುಣೆಯ ಪರದೆಗಳಲ್ಲಿ ಹೆಚ್ಚು ಓಡಿದ್ದು ಹಿಂದಿಯದ್ದೇ. ನಮ್ಮದೇ ಸಿನೆಮಾವನ್ನು ಇನ್ನೊಬ್ಬರ ಭಾಷೆಯಲ್ಲಿ ನೋಡಬೇಕಾದ ಪರಿಸ್ಥಿತಿ. ಮನೆಯಲ್ಲಾದರೆ ಒಂದು ಬಟನ್ ಒತ್ತಿದರೆ ಕನ್ನಡ. ಇಲ್ಲಿ ಹುಟ್ಟಿ ಬೆಳೆದ ಮಕ್ಕಳ ಕಿವಿಗೆ ಕನ್ನಡ ಬೀಳಬೇಕಾದರೆ ಮನೆಯ ಪರದೆ ಬೇಕೇ ಬೇಕು. ಇಲ್ಲಿ ನನ್ನ ಅಂಕ ಮನೆಗೇ.

ಮೂರನೆಯದು ಭಯ. ಮುಸಲ್ಮಾನರನ್ನು ಬರೀ ಖಳರಾಗಿ ತೋರಿಸುವ ಸಿನೆಮಾಗಳೂ ಇವೆ, ಹಾಲಿನಲ್ಲಿ ಘೋಷಣೆಗಳೂ ಏಳುತ್ತವೆ. ಅಂಥ ಕಡೆ ಬುರ್ಖಾ ತೊಟ್ಟ ಹೆಂಗಸು ಮಕ್ಕಳ ಕೈ ಹಿಡಿದು ಕೂತಿರಲಿ ಅಂತ ಹೇಳುವ ಹಕ್ಕು ನನಗಿಲ್ಲ. ಆದರೆ ಒಂದು ಮಾತು. ನಾವು ಒಬ್ಬೊಬ್ಬರೇ ಹಾಲಿನಿಂದ ಎದ್ದು ಮನೆ ಸೇರಿದಷ್ಟೂ ಆ ಹಾಲ್ ಒಂದೇ ಥರದ ಜನರದ್ದಾಗುತ್ತದೆ. ಪಕ್ಕದಲ್ಲಿ ಗುಲಾಬಿ ಇಲ್ಲದಾಗ ಗುಲಾಬಿಯ ಬಗ್ಗೆ ಏನು ಬೇಕಾದರೂ ತೋರಿಸಬಹುದು. ಇದನ್ನು ಸರಿಮಾಡುವ ಹೊರೆ ನಮ್ಮ ಮೇಲೆ ಮಾತ್ರ ಇಲ್ಲ. ಘೋಷಣೆ ಕೂಗುವವನ ಪಕ್ಕ ಕೂತು ಸುಮ್ಮನಿರುವವರ ಮೇಲೂ ಇದೆ.

ಥಿಯೇಟರಿನ ಪರವಾಗಿ ಮಾತಾಡುವಾಗ ನಾನು ಎಲ್ಲ ಥಿಯೇಟರುಗಳ ಪರ ಮಾತಾಡುತ್ತಿಲ್ಲ. ಮುಂಬೈ ಸೆಂಟ್ರಲ್ ಸ್ಟೇಷನ್ ಹತ್ತಿರದ ಮರಾಠಾ ಮಂದಿರ್ ನೋಡಿ. 1960ರಲ್ಲಿ ‘ಮುಘಲ್-ಎ-ಆಜಂ’ ತೆರೆ ಕಂಡದ್ದು ಅಲ್ಲಿ. ‘ದಿಲ್‌ವಾಲೆ ದುಲ್ಹನಿಯಾ ಲೇ ಜಾಯೇಂಗೆ’ 1995ರಿಂದ ವರ್ಷಗಟ್ಟಲೆ ಓಡಿದ್ದೂ ಅಲ್ಲೇ. ಕಡಿಮೆ ದರದ ಟಿಕೆಟ್ಟು. ರೈಲಿಗೆ ಕಾಯುವವನು, ಟ್ಯಾಕ್ಸಿಯವನು, ಕಾಲೇಜಿನ ಜೋಡಿ, ಎಲ್ಲರೂ ಒಂದೇ ಹಾಲಿನಲ್ಲಿ. ಸಿಂಗಲ್ ಸ್ಕ್ರೀನ್ ಮುಚ್ಚಿ ಮಾಲಿನ ಮಲ್ಟಿಪ್ಲೆಕ್ಸ್ ಬಂದಾಗ ಪರದೆಗಳ ಸಂಖ್ಯೆ ಹೆಚ್ಚಿತು, ಆದರೆ ಈ ಕಲಬೆರಕೆ ಕಡಿಮೆಯಾಯಿತು. ದುಬಾರಿ ಟಿಕೆಟ್ಟಿನ ಹಾಲಿನಲ್ಲಿ ನಮ್ಮಂಥವರ ಪಕ್ಕ ಕೂರುವವರು ನಮ್ಮಂಥವರೇ. ಹಾಗಾದರೆ ಮನೆಯ ಸೋಫಾಕ್ಕೂ ಅದಕ್ಕೂ ಏನು ದೊಡ್ಡ ವ್ಯತ್ಯಾಸ?

ಆದ್ದರಿಂದ ನನ್ನ ತೀರ್ಮಾನ ಹೀಗೆ. ಥಿಯೇಟರ್ ಇವತ್ತಿಗೂ ಮೇಲು, ಬೇರೆ ಬೇರೆ ಥರದ ಜನ ಅಲ್ಲಿ ಒಟ್ಟಿಗೆ ಕೂರುವುದಾದರೆ. ಮನೆಯೂ ಮೇಲೇ, ಅದರ ಬಾಗಿಲು ಗುಲಾಬಿಯ ಮನೆಯ ಹಾಗೆ ತೆರೆದಿದ್ದರೆ. ಎರಡಕ್ಕೂ ಕೆಳಗಿನದು ಒಂದೇ ಮನೆಯಲ್ಲಿ ನಾಲ್ವರು ನಾಲ್ಕು ಮೂಲೆಯಲ್ಲಿ ನಾಲ್ಕು ಮೊಬೈಲು ಹಿಡಿದು ನೋಡುವುದು. ಅಲ್ಲಿ ಗಂಡ ಯಾವುದಕ್ಕೆ ನಕ್ಕ ಎಂದು ಹೆಂಡತಿಗೂ ಗೊತ್ತಿಲ್ಲ.

ನಮ್ಮ ಕೈಲಾಗುವ ಕೆಲಸವೂ ಇದೆ. ಮಾಟುಂಗಾದ ಮೈಸೂರು ಅಸೋಸಿಯೇಷನ್ ಇದೆ, ಮಾಹಿಮಿನ ಕರ್ನಾಟಕ ಸಂಘ ಇದೆ. ಪುಣೆ, ಹೈದರಾಬಾದು, ದೆಹಲಿ, ಚೆನ್ನೈಗಳಲ್ಲೂ ಕನ್ನಡ ಸಂಘಗಳಿವೆ. ನಮ್ಮ ಶಾಲೆಗಳಲ್ಲಿ ಪ್ರೊಜೆಕ್ಟರ್ ಇದೆ. ಅನುಮತಿ ಪಡೆದು ‘ಗುಲಾಬಿ ಟಾಕೀಸ್’ ಒಂದು ಸಂಜೆ ತೋರಿಸೋಣ. ನಮ್ಮ ಖಾಲಾಗಳೂ ಬರಲಿ, ಪಕ್ಕದ ಬಿಲ್ಡಿಂಗಿನ ಶೆಟ್ಟಿ ಅಕ್ಕನೂ ಬರಲಿ. ಸಿನೆಮಾ ಮುಗಿದ ಮೇಲೆ ಅರ್ಧ ಗಂಟೆ ಚಹಾ, ಮಾತು. ವಿದ್ಯಾರ್ಥಿಗಳು ಒಂದು ಕೆಲಸ ಮಾಡಿ: ಒಂದು ಕಣ್ಣು ಪರದೆಯ ಮೇಲಿರಲಿ, ಇನ್ನೊಂದು ನೋಡುತ್ತಿರುವವರ ಮೇಲಿರಲಿ. ಗುಲಾಬಿಯನ್ನು ದೋಣಿ ಹತ್ತಿಸುವಾಗ ಯಾರು ಅತ್ತರು, ಯಾರು ತಲೆ ತಗ್ಗಿಸಿದರು, ಯಾರು ಗಡಿಯಾರ ನೋಡಿಕೊಂಡರು ಎಂದು ಬರೆದಿಟ್ಟುಕೊಳ್ಳಿ. ಸಿನೆಮಾ ವಿಮರ್ಶೆ ಅಲ್ಲಿಂದ ಶುರುವಾಗಲಿ.