ಸುಲಭವಲ್ಲದ ಗೆಲವುಗಳು: ಒಂದು ಗ್ರಂಥವಿಮರ್ಶೆ

ಆಫ್ರಿಕದ ಸ್ವಾತಂತ್ರ್ಯ ಸಮರಗಳ ಚರಿತ್ರೆಯನ್ನು ಆಫ್ರಿಕನ್ನರು ಬರೆದುದುಂಟು. ಅವರನ್ನಾಳಿದವರು ಬರೆದುದೂ ಉಂಟು. ಆದರೆ ಆ ಸಮರಗಳಿಗಾಗಿ ದೂರದ ಅಮೆರಿಕದಲ್ಲಿ ಹಣ ಕೂಡಿಸಿದವರು, ಕರಪತ್ರ ಹಂಚಿದವರು, ತಮ್ಮ ಸರಕಾರದ ಇದಿರಿಗೇ ನಿಂತು ಸೆರೆಮನೆ ಕಂಡವರು ತಮ್ಮ ಕಥೆಯನ್ನು ಒಂದೆಡೆ ಹೇಳಿಕೊಂಡ ಗ್ರಂಥಗಳು ವಿರಳ. ವಿಲಿಯಂ ಮಿಂಟರ್, ಗೇಲ್ ಹೋವಿ, ಚಾರ್ಲ್ಸ್ ಕಾಬ್ ಈ ಮೂವರು ಸಂಪಾದಿಸಿ, ಈ ಶತಮಾನದ ಮೊದಲ ದಶಕದಲ್ಲಿ ಹೊರತಂದ ‘ನೋ ಈಸಿ ವಿಕ್ಟರೀಸ್’ ಅಂಥದೊಂದು. 1950ರಿಂದ 2000ದವರೆಗಿನ ಅರ್ಧ ಶತಮಾನ ಇದರ ಹರವು. ಗಿನಿ-ಬಿಸ್ಸಾವಿನ ನಾಯಕ ಅಮಿಲ್ಕಾರ್ ಕಬ್ರಾಲ್ 1965ರಲ್ಲಿ ತನ್ನ ಪಕ್ಷದ ಕಾರ್ಯಕರ್ತರಿಗಿತ್ತ ಸೂಚನೆಗಳಿಂದ ಎತ್ತಿಕೊಂಡ ಹೆಸರು ಇದು. ಕಷ್ಟವನ್ನು ಮರೆಮಾಚದಿರುವ ಆ ಸೂಚನೆಯ ಕಟ್ಟುನಿಟ್ಟಿಗೆ ಗ್ರಂಥವು ತಕ್ಕುದಾಗಿದೆಯೆ ಎಂಬುದೇ ನಾವು ಕೇಳಬೇಕಾದ ಪ್ರಶ್ನೆ.

ದಶಕಕ್ಕೊಂದರಂತೆ ಅಧ್ಯಾಯಗಳು, ಒಂದೊಂದಕ್ಕೂ ಬೇರೆ ಬೇರೆ ಲೇಖಕರು, ಅವುಗಳ ಜೊತೆಗೆ ವ್ಯಕ್ತಿಚಿತ್ರಗಳು ಮತ್ತು ಸಂದರ್ಶನಗಳು: ಇದು ಗ್ರಂಥದ ರಚನೆ. ನೆಲ್ಸನ್ ಮಂಡೇಲರ ಮುನ್ನುಡಿಯಿದೆ. ಸಂಪಾದಕರು ಮೂವರೂ ಚಳವಳಿಯಲ್ಲಿ ತಾವೇ ದುಡಿದವರಾದುದರಿಂದ ಬರಹಕ್ಕೆ ಒಂದು ಬಿಸುಪು ಬಂದಿದೆ. ಸಂಘವೊಂದನ್ನು ನಡೆಸುವುದೆಂದರೆ ಕಾಗದ ಬರೆಯುವುದು, ವಂತಿಗೆ ಎತ್ತುವುದು, ಬಾರದ ಸದಸ್ಯರಿಗಾಗಿ ಕಾಯುವುದು ಎಂಬುದನ್ನು ಬಲ್ಲ ನಮ್ಮಂಥ ಓದುಗರಿಗಂತೂ ಇದು ಮನೆಯ ಮಾತಿನಂತೆಯೇ ಕೇಳುತ್ತದೆ.

ಆದರೆ ಆತ್ಮೀಯರೇ ಬರೆದ ಚರಿತ್ರೆಗೆ ಒಂದು ಅಪಾಯವೂ ಉಂಟು. ಹಳೆಯ ಜಗಳಗಳನ್ನು ಅದು ನವುರಾಗಿ ದಾಟಿಬಿಡುತ್ತದೆ. ಐವತ್ತರ ದಶಕವನ್ನೇ ನೋಡಿ. 1937ರಲ್ಲಿ ಹುಟ್ಟಿದ ಆಫ್ರಿಕ ವ್ಯವಹಾರಗಳ ಮಂಡಲಿಯು ಗಾಯಕ ಪಾಲ್ ರೋಬ್ಸನ್, ವಿದ್ವಾಂಸ ಡು ಬೋಯ್ಸ್, ಆಲ್ಫಿಯಸ್ ಹಂಟನ್ ಮುಂತಾದವರಿಂದ ಬೆಳೆಯಿತು. ಶೀತಲ ಸಮರದ ಗಾಳಿ ಬೀಸತೊಡಗಿದಾಗ ಸರಕಾರದ ಕಣ್ಣು ಅದರ ಮೇಲೆ ಬಿದ್ದಿತು. 1950ರಲ್ಲಿ ರೋಬ್ಸನ್ನರ ರಹದಾರಿಯನ್ನು ಕಿತ್ತುಕೊಂಡರು. 1951ರಲ್ಲಿ ಹಂಟನ್ ಸೆರೆಮನೆ ಸೇರಿದರು. 1955ರಲ್ಲಿ ಮಂಡಲಿಯೇ ಮುಚ್ಚಿಹೋಯಿತು. ಸರಿಯಾಗಿ ಅದೇ ವರ್ಷಗಳಲ್ಲಿ ಇನ್ನೊಂದು ಗುಂಪು ತಲೆಯೆತ್ತಿತು. 1952ರ ಜೂನ್ 26ರಂದು ದಕ್ಷಿಣ ಆಫ್ರಿಕದಲ್ಲಿ ಆಫ್ರಿಕನ್ನರೂ ಭಾರತೀಯರೂ ಕೂಡಿ ಅನ್ಯಾಯದ ಕಾನೂನುಗಳನ್ನು ಬೇಕೆಂದೇ ಮುರಿಯುವ ಸತ್ಯಾಗ್ರಹ ಹೂಡಿದರು. ಎಂಟು ಸಾವಿರಕ್ಕೂ ಮಿಕ್ಕಿ ಜನ ಬಂಧಿತರಾದರು. ಅದಕ್ಕೆ ನೆರವಾಗಲು ನ್ಯೂಯಾರ್ಕಿನಲ್ಲಿ ಜಾರ್ಜ್ ಹೌಸರ್, ಬೇಯರ್ಡ್ ರಸ್ಟಿನ್, ಬಿಲ್ ಸದರ್‌ಲೆಂಡ್ ಮೊದಲಾದವರು ಕೂಟವೊಂದನ್ನು ಕಟ್ಟಿದರು. 1953ರಲ್ಲಿ ಅದೇ ‘ಅಮೆರಿಕನ್ ಕಮಿಟಿ ಆನ್ ಆಫ್ರಿಕ’ ಆಯಿತು. ಪಾದ್ರಿಯಾದ ಹೌಸರ್ ಗಾಂಧೀಜಿಯ ಅಹಿಂಸೆಯನ್ನು ಒಪ್ಪಿಕೊಂಡವರು. ದಂಡಿಯಾತ್ರೆಯಲ್ಲಿ ನಡೆದಿದ್ದ ಕೃಷ್ಣಲಾಲ ಶ್ರೀಧರಾಣಿಯವರು 1939ರಲ್ಲಿ ಇಂಗ್ಲಿಷಿನಲ್ಲಿ ಬರೆದ ಪುಸ್ತಕ ಆ ಗೆಳೆಯರ ಬಳಗಕ್ಕೆ ಕೈಪಿಡಿಯಂತಿತ್ತು.

ಹೊಸ ಸಮಿತಿಯು ಕಮ್ಯುನಿಸ್ಟರ ಸೋಂಕು ತಗಲದಂತೆ ಎಚ್ಚರ ವಹಿಸಿತು. ಹಾಗೆ ಮಾಡಿದ್ದರಿಂದ ಅದು ಬದುಕಿ ಉಳಿಯಿತು, ನಿಜ. ಆದರೆ ನೆರೆಮನೆ ಬೆಂಕಿಗೆ ಆಹುತಿಯಾಗುತ್ತಿದ್ದಾಗ ತನ್ನ ಬಾಗಿಲನ್ನು ಭದ್ರಪಡಿಸಿಕೊಂಡು ಉಳಿದ ಬಾಳು ಅದು. ಗ್ರಂಥವು ಈ ಸಂಗತಿಯನ್ನು ಮುಚ್ಚಿಡುವುದಿಲ್ಲ, ತೂಗಿಯೂ ನೋಡುವುದಿಲ್ಲ. ಮಂಡಲಿ ಕಟ್ಟಿದ್ದ ಕರಿಯ ಜನರ ವಿಶಾಲ ಬೆಂಬಲವು ಮುಂದೆ ಎಷ್ಟು ಕಾಲ ಚದರಿಹೋಯಿತು, ಅದರಿಂದ ಆಫ್ರಿಕಕ್ಕಾದ ನಷ್ಟವೇನು ಎಂಬುದನ್ನು ಸಂಪಾದಕರು ಇನ್ನಷ್ಟು ನಿಷ್ಠುರವಾಗಿ ಕೇಳಬಹುದಾಗಿತ್ತು. ಕಬ್ರಾಲನ ಹೆಸರು ಹೊತ್ತ ಪುಸ್ತಕಕ್ಕೆ ಆ ನಿಷ್ಠುರತೆ ಸಲ್ಲುತ್ತಿತ್ತು.

ಈ ಬಿರುಕಿನ ಎರಡೂ ದಡಗಳನ್ನು ಬಲ್ಲವರೊಬ್ಬರು ಗ್ರಂಥದಲ್ಲಿಯೇ ಇದ್ದಾರೆ. ಅವರು ನಮ್ಮ ನೆರೆಯ ತೆಲುಗು ನಾಡಿನವರು: ನೆಲ್ಲೂರು ಜಿಲ್ಲೆಯಲ್ಲಿ 1924ರಲ್ಲಿ ಹುಟ್ಟಿದ ಇ. ಎಸ್. ರೆಡ್ಡಿ. ಓದಿಗೆಂದು 1946ರಲ್ಲಿ ನ್ಯೂಯಾರ್ಕಿಗೆ ಹೋದ ಈ ತರುಣರು ಆಫ್ರಿಕ ಮಂಡಲಿಯ ಪುಸ್ತಕಾಲಯಕ್ಕೆ ಎಡತಾಕತೊಡಗಿದರು. ದಕ್ಷಿಣ ಆಫ್ರಿಕದ ಭಾರತೀಯರ ದುಃಸ್ಥಿತಿಯನ್ನು ಭಾರತವು ವಿಶ್ವಸಂಸ್ಥೆಯ ಮುಂದಿಟ್ಟದ್ದೂ ಆ ದೇಶದೊಡನೆ ವ್ಯಾಪಾರವನ್ನು ಕಡಿದುಕೊಂಡದ್ದೂ ಅದೇ ವರ್ಷ. ಮಂಡಲಿಯು ದಕ್ಷಿಣ ಆಫ್ರಿಕದ ದೂತಾಲಯದ ಮುಂದೆ ನಡೆಸಿದ ಪ್ರದರ್ಶನದಲ್ಲಿ ರೆಡ್ಡಿಯವರೂ ನಿಂತರು. ಮುಂದೆ ವಿಶ್ವಸಂಸ್ಥೆಯ ನೌಕರಿಗೆ ಸೇರಿ, 1963ರಿಂದ ಅದರ ವರ್ಣಭೇದವಿರೋಧಿ ವಿಶೇಷ ಸಮಿತಿಯ ಕಾರ್ಯದರ್ಶಿಗಳಾಗಿ, ಹಂಟನ್ನರನ್ನು ಬಲ್ಲ ಅದೇ ರೆಡ್ಡಿ ಹೌಸರರಿಗೂ ಆಪ್ತರಾದರು. ಅವರನ್ನು ಕುರಿತು ಲೀಸಾ ಬ್ರಾಕ್ ಬರೆದ ಚಿತ್ರ ಗ್ರಂಥದ ಅತ್ಯುತ್ತಮ ಭಾಗಗಳಲ್ಲೊಂದು. ಆದರೆ ದಶಕಗಳ ಗೋಡೆ ಇಲ್ಲಿ ಅಡ್ಡ ಬಂದಿದೆ. ನಾಲ್ಕು ದಶಕಗಳುದ್ದಕ್ಕೂ ಹರಿದ ಎಳೆಯೊಂದನ್ನು ಒಂದು ಅಧ್ಯಾಯದ ಬೆನ್ನಿಗೆ ಕಟ್ಟಿಬಿಟ್ಟರೆ, ಹರಿದದ್ದನ್ನು ಹೊಲಿದವರು ಯಾರೆಂಬುದು ಓದುಗನಿಗೆ ತಿಳಿಯುವುದೆಂತು? ತೆರೆಯ ಮರೆಯಲ್ಲಿದ್ದವರೆಂದು ಅವರನ್ನು ಕರೆದಿರುವ ಗ್ರಂಥವೇ ಅವರನ್ನು ಅಲ್ಲಿಯೇ ಉಳಿಸಿದೆ.

ಎಪ್ಪತ್ತರ ದಶಕದ ಸಂಗತಿಗಳಲ್ಲಿ ನಮ್ಮನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಪೋಲರಾಯ್ಡ್ ಕಂಪನಿಯ ಪ್ರಕರಣ. 1970ರಲ್ಲಿ ಆ ಕಂಪನಿಯ ನೌಕರರಾದ ಕ್ಯಾರೊಲಿನ್ ಹಂಟರ್, ಕೆನ್ ವಿಲಿಯಮ್ಸ್ ಇಬ್ಬರೂ ಕೆಲಸದ ಸ್ಥಳದಲ್ಲಿ ದಕ್ಷಿಣ ಆಫ್ರಿಕದ ಗಣಿ ಇಲಾಖೆಗಾಗಿ ಮಾಡಿದ್ದ ಗುರುತುಚೀಟಿಯ ಮಾದರಿಯೊಂದನ್ನು ಕಂಡರು. ಕರಿಯರು ಸದಾ ಹೊತ್ತು ತಿರುಗಬೇಕಾದ ಪರವಾನಗಿ ಪುಸ್ತಕಕ್ಕೆ ಬೇಕಾದ ಭಾವಚಿತ್ರವನ್ನು ಕ್ಷಣದಲ್ಲಿ ತೆಗೆದುಕೊಡುತ್ತಿದ್ದುದು ತಾವು ದುಡಿಯುವ ಕಂಪನಿಯ ಯಂತ್ರವೇ! ಸಾವಿರಾರು ಮೈಲಿಯಾಚೆಯ ಅನ್ಯಾಯ ತಮ್ಮ ಸಂಬಳದ ಚೀಟಿಯಲ್ಲಿಯೇ ಇದೆಯೆಂದು ಅವರಿಗೆ ಹೊಳೆಯಿತು. ಬಹಿಷ್ಕಾರಕ್ಕೆ ಕರೆಕೊಟ್ಟ ಹಂಟರ್ 1971ರಲ್ಲಿ ಕೆಲಸ ಕಳೆದುಕೊಂಡರು. ಕಂಪನಿಯು ಸುಧಾರಣೆಯ ಪ್ರಯೋಗವೊಂದನ್ನು ಪತ್ರಿಕೆಗಳಲ್ಲಿ ಜಾಹೀರುಮಾಡಿತು. ಆದರೆ ಮಾರಾಟಗಾರನ ಮೂಲಕ ಸರಕು ಸರಕಾರಕ್ಕೆ ಸೇರುತ್ತಲೇ ಇದೆಯೆಂಬುದು ಬಯಲಾಗಿ, 1977ರಲ್ಲಿ ಆ ದೇಶವನ್ನೇ ಬಿಡಬೇಕಾಯಿತು. ಏಳು ವರ್ಷ! ಗೆಲವು ಸುಲಭವಲ್ಲವೆಂಬುದನ್ನು ಯಾವ ಭಾಷಣಕ್ಕಿಂತಲೂ ಈ ಲೆಕ್ಕ ಚೆನ್ನಾಗಿ ಹೇಳುತ್ತದೆ.

1984ರ ನವೆಂಬರ್ 21ರಂದು ರ‍್ಯಾಂಡಲ್ ರಾಬಿನ್‌ಸನ್ ಮತ್ತು ಸಂಗಡಿಗರು ವಾಷಿಂಗ್ಟನ್ನಿನ ರಾಯಭಾರ ಕಚೇರಿಯಲ್ಲಿ ಧರಣಿ ಕುಳಿತದ್ದು, ಬಳಿಕ ಸಾವಿರಾರು ಜನ ಸರದಿಯಂತೆ ಬಂಧಿತರಾದದ್ದು, 1986ರ ಅಕ್ಟೋಬರಿನಲ್ಲಿ ಅಧ್ಯಕ್ಷ ರೇಗನ್ನರ ನಿಷೇಧಾಧಿಕಾರವನ್ನು ಸೆನೆಟ್ ಸಭೆ 78ಕ್ಕೆ 21 ಮತಗಳಿಂದ ತಳ್ಳಿಹಾಕಿ ದಿಗ್ಬಂಧನದ ಕಾನೂನನ್ನು ಊರ್ಜಿತಗೊಳಿಸಿದ್ದು, ಇವೆಲ್ಲ ಪ್ರಸಿದ್ಧವೇ. ಅಂಥ ಕಾನೂನಿಗಾಗಿ ರಾನ್ ಡೆಲಮ್ಸ್ ಮೊದಲ ಮಸೂದೆ ತಂದದ್ದು 1972ರಲ್ಲಿ ಎಂಬುದನ್ನು ಮಾತ್ರ ಓದುಗರು ಜೊತೆಗೆ ನೆನೆಯಬೇಕು.

ಕೊನೆಯ ದಶಕವನ್ನು ಕುರಿತ ಅಧ್ಯಾಯ ಹೊಳಪಿಲ್ಲದ್ದು. ನಮ್ಮ ಮಟ್ಟಿಗೆ ಪ್ರಾಮಾಣಿಕವಾದದ್ದೂ ಅದೇ. 1994ರ ಏಪ್ರಿಲಿನಲ್ಲಿ ದಕ್ಷಿಣ ಆಫ್ರಿಕದ ಕರಿಯರು ಮೊದಲ ಬಾರಿಗೆ ಮತ ಚಲಾಯಿಸಿದರು. ಅದೇ ತಿಂಗಳು ರುವಾಂಡದಲ್ಲಿ ನರಮೇಧ ಮೊದಲಾಯಿತು; ಹತ್ತು ವರ್ಷದ ಹಿಂದೆ ರಾಯಭಾರ ಕಚೇರಿಯ ಮುಂದೆ ನೆರೆದಿದ್ದಂಥ ಜನಸ್ತೋಮ ಅದಕ್ಕಾಗಿ ನೆರೆಯಲಿಲ್ಲ. ಶತ್ರು ಒಬ್ಬನೇ, ಅವನ ಬಣ್ಣವೂ ಸ್ಪಷ್ಟ ಎಂಬಂತಿದ್ದಾಗ ಕೂಡಿದ ಜನ ಆಮೇಲೆ ಏಕೆ ಚದರಿದರು? ಗ್ರಂಥವು ಇದಕ್ಕೆ ಉತ್ತರ ಕೊಡಹೋಗದೆ ಪ್ರಶ್ನೆಯನ್ನು ಹಾಗೆಯೇ ಇಟ್ಟಿದೆ. ಹೌಸರ್ 1955ರಿಂದ 1981ರವರೆಗೆ ನಡೆಸಿದ ಸಮಿತಿಯು 2001ರಲ್ಲಿ ಬೇರೆರಡು ಸಂಸ್ಥೆಗಳೊಡನೆ ಬೆರೆತು ತನ್ನ ಹಳೆಯ ಹೆಸರನ್ನು ಬಿಟ್ಟಿತು.